ಶೀಟಿಗೂ ಸೀಲಿಂಗಿಗೂ ನಡುವಿನ ಗಾಳಿ: ನಿಟುವಳ್ಳಿ ಮನೆಯಲ್ಲಿ ಗೆದ್ದ ಕೆಲಸ

ಶೀಟಿನ ಮನೆಗೆ ಫಾಲ್ಸ್ ಸೀಲಿಂಗ್ ಹಾಕಿಸಿದರೆ ತಂಪಾಗುತ್ತದೆ ಎಂದು ದಾವಣಗೆರೆಯಲ್ಲಿ ಎಲ್ಲರೂ ನಂಬಿದ್ದಾರೆ. ಮಧ್ಯಾಹ್ನ ಹನ್ನೆರಡರ ತನಕ ಅದು ನಿಜ. ಆಮೇಲೆ ಶೀಟಿಗೂ ಸೀಲಿಂಗಿಗೂ ನಡುವೆ ಸಿಕ್ಕಿಬಿದ್ದ ಗಾಳಿ ಕಾದು ಕಾದು ಸೀಲಿಂಗನ್ನೇ ಕಾಯಿಸುತ್ತದೆ. ರಾತ್ರಿ ಹತ್ತಾದರೂ ಫ್ಯಾನು ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತಿರುತ್ತದೆ. ಆ ಗಾಳಿಗೆ ಸೂರಿನ ಹತ್ತಿರ ಒಳಗೆ ಬರಲು ದಾರಿ ಬೇಕು, ನೆತ್ತಿಯಲ್ಲಿ ಹೊರಗೆ ಹೋಗಲು ದಾರಿ ಬೇಕು. ಎರಡೂ ಒಟ್ಟಿಗೆ ಬೇಕು ಎಂದು ನಾನು ನಾಲ್ಕೈದು ವರ್ಷದಿಂದ ಹೇಳುತ್ತಿದ್ದೆ. ಶೀಟು ಹಾಕುವ ನಮ್ಮ ಲೈನಿನವರು ಯಾರೂ ಒಪ್ಪಲಿಲ್ಲ. "ಸೋರಬಾರ್ದು ಅಂತ ಶೀಟ್ ಹಾಕ್ತೀವಿ, ನೀನು ಅದಕ್ಕೇ ತೂತು ಹೊಡೀತೀನಿ ಅಂತೀಯಲ್ಲೋ" ಎಂದು ಹಾರ್ಡ್‌ವೇರ್ ಅಂಗಡಿ ಮುಂದೆ ನಿಂತು ಬೈದವರಿದ್ದಾರೆ. ಈಗ ಒಂದೆರಡು ಬೇಸಿಗೆ, ಮಳೆಗಾಲ ಎರಡನ್ನೂ ದಾಟಿದ ಮೇಲೆ ಬರೆಯುತ್ತಿದ್ದೇನೆ.

ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿದೆ. ರಿಟೈರ್ಡ್ ಮೇಷ್ಟ್ರೊಬ್ಬರದು. ಮೇಲಿನ ಮಹಡಿಗೆ ಕಲರ್ ಕೋಟೆಡ್ ಶೀಟು, ಎರಡು ಕಡೆ ಇಳಿಜಾರು, ಸುಮಾರು 700 ಚದರಡಿ. ಕೆಳಗೆ ಜಿಪ್ಸಂ ಸೀಲಿಂಗ್. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಟೆಂಪರೇಚರ್ ಗನ್ ಹಿಡಿದು ನೋಡಿದೆ. ಶೀಟಿನ ಅಡಿಭಾಗ 62-63 ಡಿಗ್ರಿ ಇತ್ತು. ಲೈಟಿನ ತೂತಿನಿಂದ ಸಾದಾ ಥರ್ಮಾಮೀಟರ್ ತೂರಿಸಿದಾಗ ಒಳಗಿನ ಗಾಳಿ 52ರ ಹತ್ತಿರ. ಸೀಲಿಂಗಿನ ಕೆಳಮೈ 41. ಎಸಿ ಇತ್ತು, ಆದರೆ ಓಡಿಸಿದಷ್ಟೂ ಓಡುತ್ತಿತ್ತು, ಕಟ್ ಆಫ್ ಆಗುತ್ತಿರಲಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ಡಿಸೆಂಬರ್‌ನಲ್ಲಿ ಮಳೆಯೇ ಇಲ್ಲದೆ ಆ ಮನೆ ಸೋರುತ್ತಿತ್ತು. ಬೆಳಿಗ್ಗೆ ಸೀಲಿಂಗಿನಲ್ಲಿ ಹಳದಿ ಕಲೆ. ಮುಂಚೆ ಬಂದವರೆಲ್ಲ ಸ್ಕ್ರೂ ಸ್ಕ್ರೂಗೆ ಸಿಲಿಕಾನ್ ಹಾಕಿ ದುಡ್ಡು ತೆಗೆದುಕೊಂಡು ಹೋಗಿದ್ದರು. ನಾನು ಬೆಳಿಗ್ಗೆ ಆರಕ್ಕೇ ಹೋಗಿ ಸೀಲಿಂಗಿನ ಒಂದು ತುಂಡು ತೆಗೆಸಿ ಟಾರ್ಚ್ ಬಿಟ್ಟೆ. ಶೀಟಿನ ಒಳಮೈ ಪೂರ್ತಿ ನೀರ ಹನಿ. ಒಂದೊಂದೇ ಹನಿ ಇಳಿಜಾರಿಗೆ ಜಾರಿ, ಶೀಟು ಹೊತ್ತ ಅಡ್ಡಪಟ್ಟಿ ಅಂದರೆ ಪರ್ಲಿನ್‌ಗೆ ತಾಗಿ, ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ಬಚ್ಚಲಮನೆ ಎಕ್ಸಾಸ್ಟ್ ಫ್ಯಾನಿನ ಪೈಪನ್ನು ಹೊರಗೆ ಬಿಡದೆ ಸೀಲಿಂಗ್ ಮೇಲೇ ಬಿಟ್ಟಿದ್ದರು. ಸ್ನಾನದ ಹಬೆ, ಅಡುಗೆಮನೆಯ ಹಬೆ ಎಲ್ಲ ಅಲ್ಲೇ ಶೇಖರ. ಚಳಿಗಾಲದ ರಾತ್ರಿ ಮೋಡ ಇಲ್ಲದಿದ್ದರೆ ಶೀಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆ ಹಬೆ ಅಲ್ಲಿ ನೀರಾಗುತ್ತದೆ. ಇದಕ್ಕೆ ಸಿಲಿಕಾನ್ ಎಷ್ಟು ಹಾಕಿದರೇನು? ಮೊದಲು ಆ ಪೈಪನ್ನು ಗೋಡೆಯಿಂದ ಆಚೆ ಬಿಟ್ಟೆ. ಆರುನೂರೋ ಏಳುನೂರೋ ಖರ್ಚು. ಅರ್ಧ ಕಾಯಿಲೆ ಅಲ್ಲೇ ಹೋಯಿತು.

ಸೆಕೆಗೆ ಏನೇನು ಮಾಡಿ ನೋಡಿದೆವು ಎಂದು ಹೇಳಲೇಬೇಕು, ದುಡ್ಡು ಹೋಗಿದ್ದು ಅಲ್ಲೇ. ಮೇಷ್ಟ್ರು ತಾವೇ ಶೀಟಿನ ಮೇಲೆ ಸುಣ್ಣ ಬಳಿಸಿದ್ದರು. ಶೀಟು ಹತ್ತು ಡಿಗ್ರಿ ಕಡಿಮೆ ಕಾದಿದ್ದು ನಿಜ, ಸುಳ್ಳು ಹೇಳಲ್ಲ. ಆದರೆ ಒಂದು ಭರಣಿ ಮಳೆಗೆ ಸುಣ್ಣವೆಲ್ಲ ಗಟರ್ ಪಾಲಾಯಿತು. ಗೋಣಿಚೀಲ ನೆನೆಸಿ ಹಾಸೋಣ ಎಂದು ಯಾರೋ ಹೇಳಿದರು. ಈ ಊರಲ್ಲಿ ಏಪ್ರಿಲ್‌ನಲ್ಲಿ ಶೀಟಿಗೆ ಹೊಯ್ಯಲು ನೀರೆಲ್ಲಿ? ಅದನ್ನು ಬಿಟ್ಟೆವು.

ಆಮೇಲೆ ನಾನು ಗೇಬಲ್ ಗೋಡೆಗೆ, ಅಂದರೆ ಇಳಿಜಾರಿನ ತುದಿಯ ಮುಕ್ಕೋನದ ಗೋಡೆಗೆ, 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಫ್ಯಾನು, ವೈರಿಂಗ್ ಸೇರಿ ಮೂರು ಸಾವಿರದ ಮೇಲಾಯಿತು. ಕೆಳಗೆ ರೂಮಿನಲ್ಲಿ ಊದುಬತ್ತಿ ಹಚ್ಚಿ ಸೀಲಿಂಗ್ ಲೈಟಿನ ಸಂದಿಗೆ ಹಿಡಿದೆ. ಹೊಗೆ ಸೊರ್ ಎಂದು ಮೇಲಕ್ಕೆ ಎಳೆದುಕೊಂಡಿತು. ಅಂದರೆ ಫ್ಯಾನು ಎಳೆಯುತ್ತಿದ್ದುದು ರೂಮಿನ ಎಸಿ ಗಾಳಿಯನ್ನು! ಹೊರಗಿನಿಂದ ಬರಲು ಸಾಕಷ್ಟು ದಾರಿ ಇಲ್ಲದಿದ್ದರೆ ಅದು ಸಿಕ್ಕ ಕಡೆಯಿಂದ ಎಳೆಯುತ್ತದೆ, ಅಲ್ವಾ? ಫ್ಯಾನು ಬಿಚ್ಚಿ ನನ್ನ ಶೆಡ್ಡಿಗೆ ತಂದೆ.

ಮುಂದೆ 24 ಇಂಚಿನ ಟರ್ಬೋ ವೆಂಟಿಲೇಟರ್, ನೆತ್ತಿಯ ಮೇಲೆ ಕೂತು ಕರೆಂಟಿಲ್ಲದೆ ಗಾಳಿಗೇ ತಿರುಗಿ ಒಳಗಿನ ಬಿಸಿ ಎಳೆಯುವ ಗುಂಡನೆಯ ಫ್ಯಾನು. ಬೇಸ್ ಪ್ಲೇಟ್ ಸೇರಿ ನಾಲ್ಕು ಸಾವಿರದ ಆಸುಪಾಸು. ಚೆನ್ನಾಗಿ ತಿರುಗಿತು, ಬೀದಿಯವರೆಲ್ಲ ನಿಂತು ನೋಡಿದರು. ಒಳಗಿನ ಗಾಳಿ ಇಳಿದಿದ್ದು ಬರೀ ಎರಡು ಡಿಗ್ರಿ. ನಮ್ಮವರಿಗೆ ಅಷ್ಟೇ ಸಾಕಾಯಿತು. ಟರ್ಬೋ ಎಲ್ಲ ಫ್ಯಾಕ್ಟರಿಗೆ ಸರಿ, ಮನೆಗಲ್ಲ ಎಂದು ಮಾತು ಮುಗಿಸಿಬಿಟ್ಟರು. ನಾನು ಬಿಡಲಿಲ್ಲ. ಮೇಷ್ಟ್ರಿಗೆ, "ಸಾರ್, ಇನ್ನೂ ಕೆಲಸ ಇದೆ, ನನ್ನ ಖರ್ಚಲ್ಲೇ ಮಾಡ್ತೀನಿ. ಬೇಸಿಗೆ ಕಳೀಲಿ, ಆಮೇಲೆ ದುಡ್ಡಿನ ಮಾತು" ಎಂದೆ. ಅವರು, "ನೋಡಪ್ಪಾ, ಮಳೆಗೆ ಒಂದು ಹನಿ ಬಂದ್ರೂ ನಿಂದೇ ಜವಾಬ್ದಾರಿ" ಎಂದರು. ಒಪ್ಪಿದೆ.

ಸೂರಿನ ಹತ್ತಿರ ಹತ್ತಿ ನೋಡಿದರೆ ಗೋಡೆಯ ತಲೆಗೂ ಶೀಟಿಗೂ ನಡುವೆ ಒಂದಿಷ್ಟೂ ಸಂದಿ ಬಿಡದೆ ಇಟ್ಟಿಗೆ ಚೂರು, ಸಿಮೆಂಟ್ ತುಂಬಿದ್ದರು. ಶೀಟಿನ ಏಣುಗಳ (ಉಬ್ಬು ಗೆರೆಗಳ) ಅಡಿಯ ಬಾಯಿಗೂ ಗಾರೆ ಮೆತ್ತಿದ್ದರು. ನಮ್ಮ ಕಡೆ ಗಾರೆಯವರು ಎಲ್ಲಾ ಮನೆಯಲ್ಲೂ ಹೀಗೇ ಮಾಡುತ್ತಾರೆ, ಹಾವು ಇಲಿ ಬರಬಾರದು ಎಂದು. ಮೊದಲು ಆ ಗಾರೆ ಕೆತ್ತಿ ತೆಗೆಸಿದೆ. ಅದಷ್ಟೇ ಸಾಕು ಎಂದುಕೊಳ್ಳಬೇಡಿ. ಏಣಿನ ಬಾಯಿ ಒಂದಿಂಚು ಎತ್ತರ ಇರುತ್ತದೆ. 30 ಅಡಿ ಉದ್ದದ ಸೂರಿನಲ್ಲಿ ಎಲ್ಲ ಬಾಯಿ ಕೂಡಿಸಿದರೂ ಮುಕ್ಕಾಲು ಚದರಡಿ ಆಗಲ್ಲ. 24 ಇಂಚಿನ ಟರ್ಬೋ ಬಾಯಿ ಮೂರು ಚದರಡಿ ಇದೆ. ಒಳಗೆ ಬರುವುದು ಹೊರಗೆ ಹೋಗುವುದಕ್ಕಿಂತ ಕಮ್ಮಿ ಇದ್ದರೆ ಮತ್ತೆ ಲೈಟಿನ ಸಂದಿಯಿಂದಲೇ ಎಳೆಯುತ್ತದೆ. ಹಾಗಾಗಿ ಗೋಡೆಯ ತಲೆಯಲ್ಲಿ ಒಂದೂವರೆ ಅಡಿ ಉದ್ದ, ಮೂರಿಂಚು ಎತ್ತರದ ಕಿಂಡಿ ಒಂದೊಂದು ಬದಿಗೆ ನಾಲ್ಕು ಬಿಡಿಸಿದೆ.

ಲೆಕ್ಕ ಬೇಕೆನ್ನುವವರಿಗೆ: ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ ಅಟ್ಟದ 150 ಚದರಡಿಗೆ 1 ಚದರಡಿ ತೆರಪು ಇರಬೇಕು ಎಂದಿದೆ. ಕೆಳಗೆ ಮೇಲೆ ಸರಿಯಾಗಿ ಹಂಚಿದ್ದರೆ 300ಕ್ಕೆ 1 ಆದರೂ ನಡೆಯುತ್ತದೆ. ನಮ್ಮ ಬಿಸಿಲಿಗೆ ನಾನು 150ನ್ನೇ ಹಿಡಿಯುತ್ತೇನೆ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಡುತ್ತೇನೆ. ಮೆಷ್ ಕಟ್ಟಿದಾಗ ತೆರಪು ಕಮ್ಮಿಯಾಗುತ್ತದೆ ನೋಡಿ.

ಮೆಷ್ ವಿಷಯದಲ್ಲಿ ಹುಷಾರು. ಸೊಳ್ಳೆ ಮೆಷ್ ಬೇಡವೇ ಬೇಡ. ಮಂಡಕ್ಕಿ ಭಟ್ಟಿ ಕಡೆ ಒಂದು ಮನೆಗೆ ಮಾಲೀಕರ ಒತ್ತಾಯಕ್ಕೆ ಅದನ್ನೇ ಕಟ್ಟಿದ್ದೆ. ಮಸಿ, ಬೂದಿ ಕೂತು ಎರಡು ತಿಂಗಳಿಗೆ ಬಟ್ಟೆ ಥರ ಆಗಿತ್ತು. ಕಾಲಿಂಚಿನ ಜಿಐ ವೆಲ್ಡ್ ಮೆಷ್ ಹಾಕಿದರೆ ಅಳಿಲು, ಬಾವಲಿ, ಇಲಿ ಬರಲ್ಲ, ಗಾಳಿ ಬರುತ್ತದೆ. ವರ್ಷಕ್ಕೊಮ್ಮೆ ಯುಗಾದಿ ಹೊತ್ತಿಗೆ ಬ್ರಷ್ ಹೊಡೆದರೆ ಆಯಿತು.

ಇಷ್ಟು ಮಾಡಿದ ಮೇಲೂ ನಾನೆಂದುಕೊಂಡಷ್ಟು ಇಳಿಯಲಿಲ್ಲ. ಕಾರಣ ಎರಡು ಗೇಬಲ್ ಗೋಡೆಗಳ ಮೇಲ್ತುದಿಯಲ್ಲಿದ್ದ ಸಿಮೆಂಟ್ ಜಾಲಿ. ಟರ್ಬೋಗೆ ಹತ್ತಿರದ ದಾರಿ ಅದೇ. ಹೊರಗಿನ ಗಾಳಿ ನೆತ್ತಿಯ ಜಾಲಿಯಿಂದ ಬಂದು ಟರ್ಬೋದಿಂದ ಹೋಗುತ್ತಿತ್ತು, ಸೂರಿನ ಕಡೆ ಗಾಳಿ ಅಲುಗುತ್ತಲೇ ಇರಲಿಲ್ಲ. ಕಿಂಡಿಗೆ ಊದುಬತ್ತಿ ಹಿಡಿದರೆ ಹೊಗೆ ಸುಮ್ನೆ ನೇರ ಮೇಲೇಳುತ್ತಿತ್ತು. ಜಾಲಿ ಮುಚ್ಚಬೇಕೆಂದಾಗ ಮೇಷ್ಟ್ರಿಗೆ ತಲೆಕೆಟ್ಟಿತು. "ಗಾಳಿ ಬೇಕು ಅಂತೀಯ, ಇರೋ ಕಿಂಡೀನೂ ಮುಚ್ತೀಯ!" ಸಿಮೆಂಟ್ ಹಾಕದೆ ಸುಮ್ಮನೆ ಶೀಟಿನ ತುಂಡು ಅಡ್ಡ ಕಟ್ಟಿದೆ. ಮತ್ತೆ ಊದುಬತ್ತಿ ಹಿಡಿದೆ. ಈ ಸಲ ಹೊಗೆ ಬಾಗಿ ಕಿಂಡಿಯೊಳಕ್ಕೆ ಹೋಯಿತು. ಅದನ್ನು ಅವರ ಮನೆಯವರನ್ನೂ ಕರೆದು ತೋರಿಸಿದೆ.

ಮರು ಏಪ್ರಿಲ್‌ನಲ್ಲಿ, ಅಂಥದೇ ಬಿಸಿಲಿನಲ್ಲಿ, ಸೀಲಿಂಗ್ ಮೇಲಿನ ಗಾಳಿ 43ರ ಸುಮಾರು. ಸೀಲಿಂಗ್ 37. ಶೀಟು ಕಾಯುವುದೇನೂ ನಿಲ್ಲಲ್ಲ, ಅದು 60ರ ಮೇಲೇ ಇತ್ತು. ಆದರೆ ಸಂಜೆ ಏಳಕ್ಕೆ ರೂಮು ತಣ್ಣಗಾಗುತ್ತದೆ. ಎಸಿ ಕಟ್ ಆಫ್ ಆಗುತ್ತದೆ. ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೆ ಆರೇಳುನೂರು ಉಳಿಯುತ್ತಿದೆ ಎಂದು ಮೇಷ್ಟ್ರೇ ಹೇಳಿದರು. ಡಿಸೆಂಬರ್ ಹನಿ ಪೂರ್ತಿ ನಿಂತಿದೆ. ಒಂದು ರೂಮಿಗೆ ಮಾತ್ರ ಪರ್ಲಿನ್ ಅಡಿಗೆ ಅಲ್ಯೂಮಿನಿಯಂ ಫಾಯಿಲ್ ಹೊಡೆದು ನೋಡಿದೆ, ಇನ್ನೆರಡು ಡಿಗ್ರಿ ಇಳಿಯಿತು. ಹೊಳೆಯುವ ಮೈ ಕೆಳಮುಖ ಇರಲಿ, ಮೇಲೆ ಮಾಡಿದರೆ ಧೂಳು ಕೂತು ಕೆಲಸ ಮಾಡಲ್ಲ.

ಸೋರಿತಾ? ಒಂದು ಹನಿಯೂ ಇಲ್ಲ. ಮುಂಗಾರು ಇಲ್ಲಿ ಪಡುವಣದಿಂದ ಇರಚಲು ಹೊಡೆಯುತ್ತದೆ, ಆದ್ದರಿಂದ ಆ ಬದಿ ಕಿಂಡಿಗಳಿಗೆ ಮಾತ್ರ ಶೀಟು ಬಗ್ಗಿಸಿ ಟೋಪಿ ಮಾಡಿದ್ದೇನೆ. ಟರ್ಬೋ ಬೇಸ್ ಪ್ಲೇಟನ್ನು ನಾನು ಬರೀ ಸಿಲಿಕಾನ್ ಮೇಲೆ ಕೂರಿಸಲ್ಲ. ಅಡಿಗೆ ಏನು ಹಾಕುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ, ನಾಲ್ಕು ಕೆಲಸ ಅದರಿಂದಲೇ ಸಿಗುತ್ತಿವೆ.

ಚಿತ್ರದುರ್ಗದಲ್ಲಿ ಟರ್ಬೋ ಬಿಟ್ಟೇ ಮಾಡಿದ್ದೇನೆ. ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿ ಗೊತ್ತಲ್ಲ, ಗಾಳಿಯಂತ್ರ ನೆಟ್ಟಿರುವ ಊರು ಅದು. ಅಲ್ಲಿ ಟರ್ಬೋ ಹಗಲೂ ರಾತ್ರಿ ತಿರುಗಿ ಬೇರಿಂಗ್ ಕಿರುಗುಟ್ಟಲು ಶುರುವಾಗುತ್ತದೆ, ಮಲಗಿದವರಿಗೆ ನಿದ್ದೆಯಿಲ್ಲ. ನೆತ್ತಿ ಮುಚ್ಚುವ ರಿಡ್ಜ್ ಪೀಸನ್ನೇ ಎರಡಿಂಚು ಎತ್ತಿ, ಅಂಚು ಬಗ್ಗಿಸಿ ಕೂರಿಸಿದೆ. ಅಂಚು ಎಷ್ಟು ಬಗ್ಗಿಸಬೇಕು ಎಂಬುದನ್ನು ಇಲ್ಲಿ ಬರೆಯಲ್ಲ. ಆ ಮನೆಯವರು ಈರುಳ್ಳಿ ಬೆಳೆಯುವವರು. ಅವರಿಗೆ ವಿವರಿಸುವ ಕಷ್ಟವೇ ಇರಲಿಲ್ಲ. "ನಮ್ಮ ಈರುಳ್ಳಿ ಶೆಡ್ ಇದ್ದಂಗೇ ಬಿಡಿ, ಕೆಳಗಿಂದ ಗಾಳಿ ಆಡ್ಲಿಲ್ಲ ಅಂದ್ರೆ ಕೊಳೀತದೆ" ಎಂದರು. ಅಲ್ಲಿನ ಹಳೇ ಮಾಳಿಗೆ ಮನೆಗಳಲ್ಲಿ ಅಡುಗೆಮನೆ ನೆತ್ತಿಗೆ ಗವಾಕ್ಷಿ ಇರುತ್ತಿತ್ತು. ಹೊಗೆ, ಸೆಕೆ ಎರಡೂ ಅದರಲ್ಲೇ ಹೋಗುತ್ತಿದ್ದವು. ಆರ್‌ಸಿಸಿ ಬಂದಮೇಲೆ ನಾವದನ್ನು ಕೈಬಿಟ್ಟೆವು.

ಖರ್ಚು: 700 ಚದರಡಿ ಮನೆಗೆ ಟರ್ಬೋ, ಮೆಷ್, ಟೋಪಿ, ಕಿಂಡಿ ಕೆತ್ತುವ ಕೂಲಿ ಎಲ್ಲ ಸೇರಿ 14-15 ಸಾವಿರ ಬೀಳುತ್ತದೆ. ಫಾಯಿಲ್ ಬೇರೆ. ಹೊಸ ಶೀಟು ಹಾಕುವಾಗಲೇ ಹೇಳಿದರೆ ಅರ್ಧಕ್ಕೆ ಆಗುತ್ತದೆ, ಯಾಕೆಂದರೆ ಗಾರೆ ಕೆತ್ತುವ ಕೆಲಸವೇ ಇರಲ್ಲ. ಮೇಷ್ಟ್ರು ಮಳೆಗಾಲ ಮುಗಿದ ಮೇಲೆ ಪೂರ್ತಿ ಕೊಟ್ಟರು. ಅಂದು ಅಂಗಡಿ ಮುಂದೆ ಬೈದವರಲ್ಲಿ ಒಬ್ಬರು ಹೋದ ತಿಂಗಳು ತಮ್ಮ ಆವರಗೆರೆ ಸೈಟಿಗೆ ಕಿಂಡಿ ಅಳತೆ ಕೇಳಲು ಫೋನ್ ಮಾಡಿದ್ದರು. ಕಿಂಡಿಯ ಅಳತೆ ಕೊಟ್ಟೆ.