ಏರ್ ರೈಫಲ್‌ಗೆ ಪೆಲೆಟ್ ಆರಿಸೋದು ಹೆಂಗ

ಹುಬ್ಬಳ್ಳ್ಯಾಗ ಹೊಸದಾಗಿ ರೈಫಲ್ ಹಿಡಿದ ಹುಡುಗ್ರು ಕೇಳೋದು ಒಂದ, ಅಣ್ಣಾರ ಯಾವ ಪೆಲೆಟ್ ತಗೋಬೇಕ್ರಿ ಅಂತ. ಪೆಲೆಟ್ ಅಂದ್ರ ಈ ರೈಫಲ್ಲಿಗೆ ಹಾಕೋ ಸಣ್ಣ ಗುಂಡು. 10 ಮೀಟರ್ ಪೇಪರ್ ಟಾರ್ಗೆಟ್‌ಗೆ ಮೂತಿ ಚಪ್ಪಟೆ ಇರೋದ ಬೇಕು, ತೂತು ದುಂಡಗ ನೀಟಾಗಿ ಬೀಳ್ತೈತಿ, ಆದ್ರ ದೂರ ಹೊಡ್ಯಾಕ ಅದು ನಡ್ಯಂಗಿಲ್ಲ, ಲಗೂನ ಸ್ಪೀಡ್ ಕಳ್ಕೊಂತೈತಿ, ಅದಕ್ಕ ದುಂಡ ತಲಿದ ತಗೋರಿ. 10 ಮೀಟರ್ ಪೆಲೆಟ್ ತೂಕ 0.53 ಗ್ರಾಂ ಸುತ್ತಮುತ್ತ ಇರ್ಲಿ.

ಡಬ್ಬಿ ಮ್ಯಾಲೆ 4.49, 4.50, 4.51 ಅಂತ ಹೆಡ್ ಸೈಜ್, ಅಂದ್ರ ಪೆಲೆಟ್ ತಲಿ ಅಗಲ ಮಿಮೀನ್ಯಾಗ ಇರ್ತೈತಿ, ಇಷ್ಟ ಫರಕಿಗೇನು ಅಂತ ನಗಬ್ಯಾಡ್ರಿ, ಟಾರ್ಗೆಟ್ ನಡುವಿನ ಹತ್ತು ಅಂಕದ ಚುಕ್ಕಿನ 0.5 ಮಿಮೀ ಐತಿ. ಮೂರೂ ತಂದು, ರೈಫಲ್ ಅಲುಗದಂಗ ಬಿಗಿದು ಐದೈದು ಹೊಡೀರಿ, ಯಾವ್ದು ಒಂದ ತೂತಿನ್ಯಾಗ ಹೊಕ್ಕೈತಿ ಅದ ನಿಮ್ದು, ಗೆಳೆಯನ ಬ್ಯಾರಲ್‌ಗೆ ಕುಂತಿದ್ದು ನಿಮ್ದಕ್ಕ ಕೂಡ್ತೈತಿ ಅಂತ ಏನಿಲ್ಲ. ನಾ ಒಮ್ಮೆ ಡಬ್ಬಿ ಬೀಳ್ಸಿ, ಸ್ಕರ್ಟ್ (ಪೆಲೆಟ್ ಹಿಂದಿನ ತೆಳು ಅಂಚು) ಸೊಟ್ಟಾದವನ್ನ ಹೊಡದು ಮ್ಯಾಚ್ ಕೆಡಿಸ್ಕೊಂಡೆ. ಹಾಂ, ಸೀಸ ಅದು, ಮಿರ್ಚಿ ತಿನ್ನೂ ಮೊದ್ಲ ಕೈ ತೊಳೀರಿ.