ಜಾವಾ ಕಲಿಯುವಾಗ ಚಿಕ್ಕ ಪ್ರೋಗ್ರಾಂಗಳನ್ನು ನಾನು ಕೆಡಿಸಿ ನೋಡಿದ್ದು

ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದವರಿಗೆಲ್ಲ ಸಿಗುವುದು ಅದೇ ಪಟ್ಟಿ. ಸಮ-ಬೆಸ, ಸಂಖ್ಯೆ ತಿರುಗಿಸುವುದು, ಪ್ಯಾಲಿಂಡ್ರೋಮ್ (ತಿರುಗಿಸಿದರೂ ಅದೇ ಇರುವ ಸಂಖ್ಯೆ), ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯ ತನಕ ಎಲ್ಲವನ್ನೂ ಗುಣಿಸಿದ್ದು), ಅವಿಭಾಜ್ಯ ಸಂಖ್ಯೆ. ನಾನೂ ಇವನ್ನೇ ಮಾಡಿದ್ದು. ಆದರೆ ಉತ್ತರ ಸರಿ ಬಂತು ಅಂದ ಕೂಡಲೇ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಏನು ಕೊಟ್ಟರೆ ಇದು ಕೆಡುತ್ತದೆ ಅಂತ ಹುಡುಕುತ್ತಾ ಕೂರುತ್ತಿದ್ದೆ. ರನ್ ಮಾಡುವ ಮುಂಚೆ ಬರಬೇಕಾದ ಉತ್ತರವನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಕಡ್ಡಾಯ. ಇಲ್ಲದಿದ್ದರೆ ಸ್ಕ್ರೀನ್ ಮೇಲೆ ಬಂದದ್ದೇ ಸರಿ ಅನ್ನಿಸಿಬಿಡುತ್ತದೆ.

ಇಂಥ ಆಟಕ್ಕೆ ದೊಡ್ಡ ಎಡಿಟರ್ ಬೇಕಾಗಲಿಲ್ಲ. ಜಾವಾ 11ರಿಂದ ಈಚೆಗೆ ಒಂದೇ ಫೈಲಿನ ಪ್ರೋಗ್ರಾಂ ಅನ್ನು ಬೇರೆಯಾಗಿ ಕಂಪೈಲ್ ಮಾಡದೆ (ಓಡಿಸುವ ರೂಪಕ್ಕೆ ಬದಲಾಯಿಸದೆ) ನೇರವಾಗಿ ಓಡಿಸಬಹುದು. ಒಂದೆರಡು ಸಾಲು ಪರೀಕ್ಷಿಸಲು ಜಾವಾ 9ರಲ್ಲಿ ಬಂದ ಜೆಶೆಲ್ ಸಾಕು, ಸಾಲು ಬರೆದ ಕೂಡಲೇ ಉತ್ತರ ತೋರಿಸುವ ಸಾಧನ ಅದು.

ಸಮ-ಬೆಸವನ್ನೇ ನೋಡಿ. 2ರಿಂದ ಭಾಗಿಸಿ ಶೇಷ 1 ಬಂದರೆ ಬೆಸ, ಅಷ್ಟೇ ಅಲ್ವಾ? -7 ಕೊಟ್ಟು ನೋಡಿ. ಜಾವಾದಲ್ಲಿ ಶೇಷದ ಚಿಹ್ನೆ ಭಾಜ್ಯದ ಚಿಹ್ನೆಯನ್ನೇ ಹಿಡಿಯುತ್ತದೆ, ಹಾಗಾಗಿ ಬರುವುದು -1. ಪ್ರೋಗ್ರಾಂ -7 ಅನ್ನು ಸಮ ಅನ್ನುತ್ತದೆ. ‘ಶೇಷ 0 ಅಲ್ಲದಿದ್ದರೆ ಬೆಸ’ ಅಂತ ಬರೆದರೆ ಸರಿಹೋಗುತ್ತದೆ.

ಸಂಖ್ಯೆ ತಿರುಗಿಸುವ ಲೆಕ್ಕ ನನಗೆ ಬಹಳ ಇಷ್ಟ. ಲೂಪ್ (ಅದೇ ಸಾಲುಗಳು ಮತ್ತೆ ಮತ್ತೆ ಓಡುವ ಸುತ್ತು) ಒಳಗೆ ಏನಾಗುತ್ತದೆ ಅನ್ನುವುದು ಹಾಳೆ ಮೇಲೆ ಚೆನ್ನಾಗಿ ಕಾಣುತ್ತದೆ. 123 ತೆಗೆದುಕೊಳ್ಳಿ. 10ರಿಂದ ಭಾಗಿಸಿದಾಗ ಶೇಷ 3. ಉತ್ತರ 3 ಆಯಿತು, ಉಳಿದದ್ದು 12. ಮುಂದಿನ ಸುತ್ತಿನಲ್ಲಿ ಶೇಷ 2. ಹಳೇ ಉತ್ತರವನ್ನು 10ರಿಂದ ಗುಣಿಸಿ 2 ಸೇರಿಸಿದರೆ 32, ಉಳಿದದ್ದು 1. ಕೊನೇ ಸುತ್ತಿಗೆ 321, ಉಳಿದದ್ದು 0. ಈಗ ಕೆಡಿಸೋಣ. 1200 ಕೊಟ್ಟರೆ 21 ಬರುತ್ತದೆ, ಮುಂದಿನ ಸೊನ್ನೆಗಳಿಗೆ ಸಂಖ್ಯೆಯಲ್ಲಿ ಜಾಗವಿಲ್ಲ. -123 ಕೊಟ್ಟರೆ? ಲೂಪಿನ ಷರತ್ತು ‘0ಗಿಂತ ಜಾಸ್ತಿ ಇರುವ ತನಕ’ ಅಂತಿದ್ದರೆ ಒಳಗೇ ಹೋಗುವುದಿಲ್ಲ, ಉತ್ತರ 0. ‘0 ಆಗದ ತನಕ’ ಅಂತಿದ್ದರೆ -321 ಸರಿಯಾಗಿ ಬರುತ್ತದೆ. ಇದೇ ಲೂಪ್ ಪ್ಯಾಲಿಂಡ್ರೋಮ್‌ಗೂ ಸಾಕು, ಆದರೆ ಮೂಲ ಸಂಖ್ಯೆಯನ್ನು ಮೊದಲೇ ಬೇರೆ ವೇರಿಯೇಬಲ್‌ನಲ್ಲಿ ಎತ್ತಿಡಬೇಕು. ಲೂಪ್ ಮುಗಿಯುವಾಗ ಅದು ಸವೆದು 0 ಆಗಿರುತ್ತದೆ.

ಕೀಬೋರ್ಡಿನಲ್ಲಿ ಒತ್ತಿದ್ದನ್ನು ಓದಿಕೊಳ್ಳುವ ಸ್ಕ್ಯಾನರ್ ಕಾಟ ಎಲ್ಲರಿಗೂ ಗೊತ್ತಿದ್ದದ್ದೇ. ಸಂಖ್ಯೆ ಓದುವ ನೆಕ್ಸ್ಟ್‌ಇಂಟ್ ಆದಮೇಲೆ ಸಾಲು ಓದುವ ನೆಕ್ಸ್ಟ್‌ಲೈನ್ ಕರೆದರೆ ಖಾಲಿ ಸಾಲು ಸಿಗುತ್ತದೆ, ಯಾಕೆಂದರೆ ಒತ್ತಿದ ಎಂಟರ್ ಇನ್ನೂ ಅಲ್ಲೇ ಕೂತಿದೆ. ನಾನು ಎಲ್ಲವನ್ನೂ ನೆಕ್ಸ್ಟ್‌ಲೈನ್‌ನಿಂದಲೇ ಓದಿ, ಬೇಕಾದಾಗ ಸಂಖ್ಯೆಗೆ ಬದಲಾಯಿಸಿಕೊಳ್ಳುತ್ತೇನೆ.

ಫ್ಯಾಕ್ಟೋರಿಯಲ್‌ಗೆ ಬಂದರೆ, ಪೂರ್ಣಾಂಕ ಇಡುವ ಮಾಮೂಲಿ ಜಾಗವಾದ ಇಂಟ್‌ನಲ್ಲಿ 12ರ ತನಕ ಏನೂ ತೊಂದರೆಯಿಲ್ಲ: 479001600. 13ಕ್ಕೆ 1932053504 ಅನ್ನುತ್ತದೆ. ನಿಜವಾದ ಉತ್ತರ 6227020800. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಸುಮ್ನೆ ಸುಳ್ಳು ಉತ್ತರ. 14ರದ್ದು 13ರದ್ದಕ್ಕಿಂತ ಕಡಿಮೆ ಬರುತ್ತದೆ, 17ಕ್ಕೆ ಋಣ ಸಂಖ್ಯೆ, 34ಕ್ಕೆ ನೇರ ಸೊನ್ನೆ! 34ರ ಫ್ಯಾಕ್ಟೋರಿಯಲ್‌ನಲ್ಲಿ 2 ಅನ್ನುವುದು 32 ಸಲ ಗುಣಿಸಿಕೊಂಡಿದೆ. ಇಂಟ್‌ಗೆ ಇರುವುದೇ 32 ಬಿಟ್, ಎಲ್ಲವೂ ಸೊನ್ನೆಯಾಗಿ ಬಿಡುತ್ತವೆ. ಅದರ ಎರಡರಷ್ಟು ಬಿಟ್ ಇರುವ ಲಾಂಗ್ ಹಾಕಿದರೆ 20ರ ತನಕ ಓಡುತ್ತದೆ, ಆಮೇಲೆ ಅದೇ ಹಾಡು. ಮ್ಯಾಥ್ ಕ್ಲಾಸಿನ ಮಲ್ಟಿಪ್ಲೈಎಗ್ಸಾಕ್ಟ್ ಬಳಸಿದರೆ ಉಕ್ಕಿದ (ಜಾಗಕ್ಕೆ ಮೀರಿದ) ಕೂಡಲೇ ಎಕ್ಸೆಪ್ಷನ್ ಎಸೆಯುತ್ತದೆ, ಅಂದರೆ ತಪ್ಪು ತಿಳಿಸಿ ಪ್ರೋಗ್ರಾಂ ನಿಲ್ಲುತ್ತದೆ. ಕಲಿಯುವಾಗ ನನಗೆ ಬಹಳ ದೊಡ್ಡ ಸಂಖ್ಯೆಯನ್ನೂ ಹಿಡಿಯುವ ಬಿಗ್‌ಇಂಟೀಜರ್‌ಗಿಂತ ಇದೇ ಹಿಡಿಸಿತು; ಪ್ರೋಗ್ರಾಂ ಎಲ್ಲಿ ಸೋತಿತು ಅನ್ನುವುದು ಕಣ್ಣಿಗೆ ಬೀಳುತ್ತದೆ.

ಎಲ್ಲಕ್ಕಿಂತ ಮಜಾ ಕೊಟ್ಟದ್ದು ಅವಿಭಾಜ್ಯ ಸಂಖ್ಯೆ. ಪರೀಕ್ಷಿಸುವ ಸಂಖ್ಯೆ ಎನ್ ಆದರೆ, ಎನ್ ತನಕ ಭಾಗಿಸುತ್ತಾ ಹೋಗಬೇಕಿಲ್ಲ, ಅದರ ವರ್ಗಮೂಲದ ತನಕ ಸಾಕು. 97ಕ್ಕೆ 9ರ ತನಕ ನೋಡಿದರೆ ಮುಗಿಯಿತು. ಹಾಗಾಗಿ, ಭಾಗಿಸುವ ಸಂಖ್ಯೆ ಐ ಆದರೆ, ಎಲ್ಲರೂ ಬರೆಯುವ ಷರತ್ತು ‘ಐ ಗುಣಿಲೆ ಐ, ಎನ್‌ಗಿಂತ ಹೆಚ್ಚಾಗದ ತನಕ’. ಇದಕ್ಕೆ ಇಂಟ್‌ನ ಗರಿಷ್ಠ ಸಂಖ್ಯೆ 2147483647 ಕೊಡಿ. ಅದು ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ತೋರಿಸಿದ್ದ. ನಮ್ಮ ಪ್ರೋಗ್ರಾಂ ಮಾತ್ರ ಸ್ವಲ್ಪ ಹೊತ್ತು ತಿಣುಕಿ ‘ಅವಿಭಾಜ್ಯ ಅಲ್ಲ’ ಅನ್ನುತ್ತದೆ. ಐ 46341 ಆದಾಗ ಗುಣಲಬ್ಧ ಉಕ್ಕಿ ಋಣವಾಗುತ್ತದೆ. ಯಾವ ಇಂಟ್ ತಾನೇ ಗರಿಷ್ಠವನ್ನು ಮೀರೀತು? ಷರತ್ತು ಯಾವತ್ತೂ ಸುಳ್ಳಾಗುವುದಿಲ್ಲ. ಐ ಏರುತ್ತಾ ಏರುತ್ತಾ ಕೊನೆಗೆ ಎನ್‌ಗೇ ಸಮವಾಗಿ, ಅದನ್ನು ಅದರಿಂದಲೇ ಭಾಗಿಸಿ, ‘ಸಿಕ್ಕಿತು’ ಅನ್ನುತ್ತದೆ. ಗುಣಾಕಾರ ಬಿಟ್ಟು ‘ಐ, ಎನ್ ಭಾಗಿಲೆ ಐ-ಗಿಂತ ಹೆಚ್ಚಾಗದ ತನಕ’ ಅಂತ ಬರೆದರೆ ಉಕ್ಕುವ ಮಾತೇ ಇಲ್ಲ. ಐ ಅನ್ನು ಲಾಂಗ್ ಮಾಡಿದರೂ ಇಲ್ಲಿ ಕೆಲಸ ಆಗುತ್ತದೆ, ಆದರೆ ನಾಳೆ ಎನ್ ಕೂಡ ಲಾಂಗ್ ಆದರೆ ಅದೇ ಗೋಳು. ಅದಕ್ಕೇ ನಾನು ಭಾಗಾಕಾರದ ಷರತ್ತನ್ನೇ ಉಳಿಸಿಕೊಂಡೆ.