ಗ್ಯಾಸೋ, ಹೃದಯವೋ? ಸೂಚನೆ ಗುರುತಿಸುವುದು ಹೀಗೆ

ಹಾರ್ಟ್ ಅಟ್ಯಾಕ್ ಅಂದ್ರೆ ಎದೆ ಹಿಡಿದುಕೊಂಡು ದಿಢೀರ್ ಕುಸಿಯುವುದು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಎಷ್ಟೋ ಜನರಿಗೆ ವಾರಗಳ ಮೊದಲೇ ಸಣ್ಣಪುಟ್ಟ ಸೂಚನೆ ಬಂದಿರುತ್ತದೆ. ಗ್ಯಾಸ್, ವಯಸ್ಸು, ಸುಸ್ತು ಎಂದು ಅದನ್ನು ತಳ್ಳಿಹಾಕಿರುತ್ತಾರೆ. ನೋವು ಎಷ್ಟಿದೆ ಎಂದು ಅಳೆಯುತ್ತಾ ಕೂರಬೇಡಿ. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು ನೋಡಿ.

ಮೊದಲು ಮೆಟ್ಟಿಲು ಹತ್ತುವಾಗ ಗಮನಿಸಿ. ಹೃದಯಕ್ಕೆ ರಕ್ತ ಕೊಡುವ ನಾಳ ಕಿರಿದಾಗಿದ್ದರೆ, ಸುಮ್ನೆ ಕೂತಾಗ ಸಾಕಾಗುವ ರಕ್ತ ಶ್ರಮಪಟ್ಟಾಗ ಸಾಲುವುದಿಲ್ಲ. ಆಗ ಎದೆಯ ನಡುವೆ ಬಿಗಿದಂತೆ, ಭಾರ ಹೇರಿದಂತೆ ಆಗುತ್ತದೆ. ನಿಂತರೆ ಸಾಮಾನ್ಯವಾಗಿ 5 ನಿಮಿಷದೊಳಗೆ ಇಳಿಯುತ್ತದೆ. ಇದಕ್ಕೇ ಆಂಜೈನಾ ಎನ್ನುವುದು. ಏರುದಾರಿ, ಭಾರ ಎತ್ತುವುದು, ಚಳಿಗಾಳಿ, ಜೋರು ಸಿಟ್ಟು ಇದನ್ನು ಎಬ್ಬಿಸಬಹುದು. ಹೊಟ್ಟೆ ತುಂಬ ಉಂಡು ನಡೆದಾಗಲೂ ಬರುತ್ತದೆ, ಗ್ಯಾಸ್ ಎಂದು ಮೋಸಹೋಗುವುದು ಇಲ್ಲೇ. ನಡೆದರೆ ಬರುತ್ತೆ, ನಿಂತರೆ ಹೋಗುತ್ತೆ ಅಂತಾದರೆ ಗ್ಯಾಸಿನ ಮಾತ್ರೆ ನುಂಗುತ್ತಾ ದಿನ ದೂಡಬೇಡಿ, ಡಾಕ್ಟರಿಗೆ ತೋರಿಸಿ. ಪರೀಕ್ಷೆ ಮಾಡಿ ನೋಡೋಣ ಎಂದು ಬೇಕಂತಲೇ ಮೆಟ್ಟಿಲು ಓಡಿ ಹತ್ತುವುದು ಮಾತ್ರ ಬೇಡ.

ಆಮೇಲೆ ನೋವಿನ ಜಾಗ. ಒಂದೇ ಬೆರಳಿಟ್ಟು ತೋರಿಸಬಹುದಾದ, ಒತ್ತಿದರೆ ಜಾಸ್ತಿಯಾಗುವ, ಉಸಿರೆಳೆದಾಗ ಚುಚ್ಚುವ ನೋವು ಹೃದಯದ್ದಾಗಿರುವ ಸಾಧ್ಯತೆ ಕಡಿಮೆ. ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹೃದಯದ ನೋವನ್ನು ಜನ ಹೆಚ್ಚಾಗಿ ಅಂಗೈ ಅಥವಾ ಮುಷ್ಟಿ ಎದೆ ಮೇಲಿಟ್ಟು ತೋರಿಸುತ್ತಾರೆ. ಅದು ಎಡಗೈಗೇ ಹೋಗಬೇಕೆಂದೇನಿಲ್ಲ. ಬಲಗೈ, ಕುತ್ತಿಗೆ, ದವಡೆ, ಬೆನ್ನು, ಮೇಲ್ಹೊಟ್ಟೆಯಲ್ಲೂ ಕಾಣಿಸಬಹುದು. ನಡೆಯುವಾಗ ಮಾತ್ರ ದವಡೆ ನೋಯುತ್ತಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿದರಷ್ಟೇ ಸಾಲದು, ಅಲ್ವಾ?

ನೋವೇ ಇಲ್ಲದವರ ವಿಷಯ ಇನ್ನೂ ಕಷ್ಟ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ಹಾಳಾಗಿದ್ದರೆ ನೋವು ಗೊತ್ತೇ ಆಗದಿರಬಹುದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ ಏದುಸಿರು, ವಾಕರಿಕೆ, ಕಾರಣವಿಲ್ಲದ ಸುಸ್ತೇ ಮುಖ್ಯ ಸೂಚನೆಯಾಗಿರಬಹುದು. ಕೆಲವು ತಿಂಗಳ ಹಿಂದೆ ಆರಾಮಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ನಡುವೆ ಕೂರಬೇಕಾಗುತ್ತಿದೆಯೇ? ನಿಮಗಿಂತ ಮನೆಯವರಿಗೇ ಇದು ಮೊದಲು ಕಣ್ಣಿಗೆ ಬೀಳುತ್ತದೆ, ಕೇಳಿ ನೋಡಿ.

ಸಂಜೆ ಹೊತ್ತಿಗೆ ಪಾದದ ಗಂಟಿನ ಮೇಲೆ ಹೆಬ್ಬೆರಳಿನಿಂದ ಕೆಲ ಕ್ಷಣ ಒತ್ತಿ ಹಿಡಿಯಿರಿ. ಗುಳಿ ಬಿದ್ದು ಹಾಗೇ ಉಳಿದರೆ ನೀರು ತುಂಬಿಕೊಂಡಿದೆ ಎಂದರ್ಥ. ಹೃದಯ ಸೋತಾಗ ಮಾತ್ರವಲ್ಲ, ಕಿಡ್ನಿ ತೊಂದರೆಯಿಂದಲೂ, ಕೆಲವು ಬಿಪಿ ಮಾತ್ರೆಗಳಿಂದಲೂ ಹೀಗಾಗುತ್ತದೆ. ಅದರ ಜೊತೆಗೆ ಮಲಗಿದರೆ ಉಸಿರುಕಟ್ಟುವುದು, ದಿಂಬಿನ ಮೇಲೆ ದಿಂಬು ಬೇಕಾಗುವುದು, 2–3 ದಿನದಲ್ಲಿ 2 ಕಿಲೋ ತೂಕ ಏರುವುದು ಸೇರಿದರೆ ತಡಮಾಡಬೇಡಿ. ಶ್ರಮಪಡುವಾಗ ತಲೆಸುತ್ತಿ ಬಿದ್ದರೆ ಅವತ್ತೇ ತೋರಿಸಿಕೊಳ್ಳಿ.

ಗಂಡಸರು ಹೇಳಿಕೊಳ್ಳದ ಸೂಚನೆಯೂ ಒಂದಿದೆ. ನಿಮಿರುವಿಕೆಯ ತೊಂದರೆ ಕೆಲವೊಮ್ಮೆ ಹೃದಯದ ಕಾಯಿಲೆಗಿಂತ ವರ್ಷಗಳ ಮೊದಲೇ ಶುರುವಾಗುತ್ತದೆ. ಅಲ್ಲಿನ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು, ಹಾಗಾಗಿ ಮೊದಲು ಬಾಧೆ ಅದಕ್ಕೇ. ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.

ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಏನು ಮಾಡುವಾಗ ಬಂತು, ಎಷ್ಟು ನಿಮಿಷ ಇತ್ತು, ಹೇಗೆ ಹೋಯಿತು. ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ನಿಶ್ಚಿಂತೆಯಾಗಬೇಡಿ. ಆಂಜೈನಾ ಇರುವ ಅನೇಕರಲ್ಲಿ ಅದು ನಾರ್ಮಲ್ಲೇ ಇರುತ್ತದೆ. ಟ್ರೆಡ್‌ಮಿಲ್ ಅಥವಾ ಸ್ಕ್ಯಾನ್ ಬೇಕೇ ಎಂಬುದನ್ನು ಡಾಕ್ಟರ್ ನಿರ್ಧರಿಸುವುದು ನಿಮ್ಮ ಈ ವಿವರದ ಮೇಲೆಯೇ.

ಕೂತಿದ್ದಾಗಲೂ ನೋವು ಬರತೊಡಗಿದರೆ, ನಿದ್ದೆಯಿಂದ ಎಬ್ಬಿಸಿದರೆ, ದಿನದಿಂದ ದಿನಕ್ಕೆ ಕಡಿಮೆ ಶ್ರಮಕ್ಕೇ ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ವಿಶ್ರಾಂತಿ ಪಡೆದರೂ ಇಳಿಯದ ನೋವು, ತಣ್ಣನೆ ಬೆವರು, ವಾಂತಿ, ಉಸಿರಾಟದ ಕಷ್ಟ ಕಂಡರೆ ಕೂಡಲೇ ಆಂಬುಲೆನ್ಸ್ ಕರೆಯಿರಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ, ದಾರಿಯಲ್ಲೇ ಪ್ರಜ್ಞೆ ತಪ್ಪಬಹುದು.